ಮೇಷ್ಟ್ರು ತುಂಬಿದ ಅರ್ಜಿಗಳು

ಮೊಳಕಾಲ್ಮೂರು
20 ಜನವರಿ 2025

ಚಿರಂಜೀವಿ ಯರ್ರಮ್ಮನಿಗೆ,

ದೇವಸಮುದ್ರದ ದೊಡ್ಡಪಾಲಯ್ಯನ ಮಗಳು ಯರ್ರಮ್ಮ ನೀನೇ ತಾನೆ? ಹೌದಾದರೆ ಮುಂದಕ್ಕೆ ಓದು. ಅಲ್ಲವಾದರೆ, ಓದಿದವರು ದಯವಿಟ್ಟು ಮಡಿಸಿ ಪೋಸ್ಟ್‌ಮನ್ ಕೈಗೆ ವಾಪಸ್ ಕೊಡಿ.

ನಾನು ಜಯದೇವಪ್ಪ, ನಿನ್ನ ಹೈಸ್ಕೂಲಿನ ಹೆಡ್‌ಮಾಸ್ತರ. ಇನ್ನೂ ಇದ್ದೇನೆ. ನಿನ್ನ ವಿಳಾಸವನ್ನು ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮಪ್ಪನೇ ಬರೆಸಿಕೊಟ್ಟ. ಫೋನ್ ನಂಬರನ್ನೂ ಕೊಟ್ಟ, ಆದರೆ ನನಗೀಗ ಎರಡೂ ಕಿವಿ ಮಂದ. ಫೋನಿನಲ್ಲಿ ಯಾರು ಮಾತಾಡಿದರೂ ನನ್ನನ್ನು ಬಯ್ಯುತ್ತಿರುವಂತೆ ಕೇಳಿಸುತ್ತದೆ. ಅದಕ್ಕೇ ಈ ಕಾಗದ.

ವಿಷಯ ಇಷ್ಟೇ. ನಮ್ಮ ಶಾಲೆಗೆ ಈ ವರ್ಷ ಐವತ್ತು ತುಂಬುತ್ತದೆ. ಹಳೆಯ ವಿದ್ಯಾರ್ಥಿಗಳ ಪಟ್ಟಿಯೊಂದನ್ನು ಮಾಡಿಕೊಡಿ ಎಂದು ಈಗಿನ ಹೆಡ್‌ಮಾಸ್ತರರು ಕೇಳಿದ್ದಾರೆ. ನಾನೊಂದು ಉದ್ದನೆಯ ನೋಟ್‌ಬುಕ್ಕಿಗೆ ನಾಲ್ಕು ಗೆರೆ ಎಳೆದು ಕೂತಿದ್ದೇನೆ: ಹೆಸರು, ಶಾಲೆ ಬಿಟ್ಟ ವರ್ಷ, ಓದಿದ್ದು, ಈಗ ಮಾಡುತ್ತಿರುವ ಕೆಲಸ. ಮೂರನೆಯ ಮನೆಗೆ ನನಗೆ ಯಾರ ಸಹಾಯವೂ ಬೇಡ. ನಿಮ್ಮೆಲ್ಲರ ಮುಂದಿನ ಓದಿನ ಅರ್ಜಿಗಳನ್ನು ನಾನೇ ತಾನೆ ತುಂಬಿದ್ದು! ರಿಸಲ್ಟ್ ಬಂದ ಮಾರನೇ ದಿನ ನಿಮ್ಮ ಅಪ್ಪಂದಿರು ಆಫೀಸಿನ ಮುಂದೆ ಸಾಲಾಗಿ ಕೂರುತ್ತಿದ್ದರು. ನಾನು ಹುಡುಗರ ಮುಖ ನೋಡುವುದು, ಅಂಕ ನೋಡುವುದು, ನನ್ನ ಹಸಿರು ಇಂಕಿನ ಪೆನ್ನು ತೆಗೆಯುವುದು. ಇವನಿಗೆ ಐಟಿಐ, ಇವಳಿಗೆ ಟಿಸಿಎಚ್, ಇವನಿಗೆ ಕಾಮರ್ಸ್. ಆಮೇಲೆ ಅಷ್ಟನ್ನೂ ಬಟ್ಟೆ ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಿ ಚಿತ್ರದುರ್ಗದ ಕಾಲೇಜುಗಳಿಗೆ ನಾನೇ ಮುಟ್ಟಿಸಿ ಬರುತ್ತಿದ್ದೆ. ಒಂದೇ ಒಂದು ಅರ್ಜಿ ತಡವಾದದ್ದಿಲ್ಲ.

ಖಾಲಿ ಇರುವುದು ನಾಲ್ಕನೆಯ ಮನೆ. ನಿನಗೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಬರೆದಿದ್ದೆ, 2003ರಲ್ಲಿ. ಈಗ ಯಾವ ಕಂಪನಿಯಲ್ಲಿದ್ದೀಯ, ಏನು ಹುದ್ದೆ? ಎರಡು ಸಾಲು ಸಾಕು. ನಿನ್ನ ಅಕ್ಷರ ಈಗಲೂ ಕೋಳಿ ಕೆದರಿದ ಹಾಗೇ ಇದೆಯೋ ನೋಡಬೇಕು.

ಆಶೀರ್ವಾದಗಳೊಂದಿಗೆ,
ನಿನ್ನ ಮೇಷ್ಟ್ರು
ಜಯದೇವಪ್ಪ

&nbsp;

ಚಳ್ಳಕೆರೆ
2 ಮಾರ್ಚ್ 2025

ಪೂಜ್ಯ ಗುರುಗಳಿಗೆ ಯರ್ರಮ್ಮನ ನಮಸ್ಕಾರಗಳು.

ನೀವು ಕೇಳಿದ್ದು ಎರಡು ಸಾಲು, ನಾನು ತೆಗೆದುಕೊಂಡದ್ದು ಆರು ವಾರ. ಎರಡು ಸಲ ಬರೆದು ಹರಿದು ಹಾಕಿದೆ. ತಪ್ಪು ತಿಳಿಯಬೇಡಿ.

ನಾಲ್ಕನೆಯ ಮನೆಯಲ್ಲಿ ಹೀಗೆ ಬರೆದುಕೊಳ್ಳಿ: ವೇಬ್ರಿಡ್ಜ್‌ನಲ್ಲಿ ಚೀಟಿ ಕೊಡುವುದು.

ನಿಮಗೆ ಗೊತ್ತಿರಬಹುದು, ಇಲ್ಲಿ ಎಣ್ಣೆ ಮಿಲ್ಲುಗಳ ರಸ್ತೆಯಲ್ಲಿ ಲಾರಿ ತೂಗುವ ಜಾಗಗಳಿವೆ. ಶೇಂಗಾ ತುಂಬಿದ ಲಾರಿ ಕಬ್ಬಿಣದ ಹಾಸಿನ ಮೇಲೆ ಬಂದು ನಿಲ್ಲುತ್ತದೆ. ನಾನು ಗಾಜಿನ ಕಿಟಕಿಯೊಳಗೆ ಕೂತು ಗುಂಡಿ ಒತ್ತುತ್ತೇನೆ. ಚೀಟಿ ಬರುತ್ತದೆ. ಹರಿದು ಡ್ರೈವರಿಗೆ ಕೊಡುತ್ತೇನೆ. ಹನ್ನೊಂದು ವರ್ಷವಾಯಿತು. ಸುಗ್ಗಿಯಲ್ಲಿ ದಿನಕ್ಕೆ ನೂರು ಲಾರಿ, ಉಳಿದಂತೆ ನೊಣ ಹೊಡೆಯುವುದು. ಮಾಲೀಕರು ಓಂಕಾರಮೂರ್ತಿ ಅಂತ, ಒಳ್ಳೆಯವರು, ಬೈಯುವುದಿಲ್ಲ.

ನನ್ನ ಯಜಮಾನರು ತಿಪ್ಪೇರುದ್ರ, ಮಿಲ್ಲಿನಲ್ಲಿ ಮೂಟೆ ಹೊರುತ್ತಾರೆ. ಅವರು ಶಾಲೆಗೇ ಹೋಗಲಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಓದಿಗೂ ಕೆಲಸಕ್ಕೂ ಜಗಳವಿಲ್ಲದವರು ಅವರೊಬ್ಬರೇ.

ಮಗಳು ರಶ್ಮಿತಾ ಈ ಸಲ ಎಸ್ಸೆಸ್ಸೆಲ್ಸಿ. ಚೆನ್ನಾಗಿ ಓದುತ್ತಾಳೆ. ಅಪ್ಪ ಈಗಲೇ ಹೇಳುತ್ತಿದ್ದಾರೆ, "ಮೊಮ್ಮಗಳ ಅರ್ಜಿನೂ ಮೇಷ್ಟ್ರೇ ಬರೀಬೇಕು. ಅವರ ಕೈ ತಾಗಿದ್ರೇನೇ ಅದು ಅರ್ಜಿ, ಇಲ್ದಿದ್ರೆ ಬರೀ ಕಾಗದ" ಅಂತ. ನೀವು ನಕ್ಕುಬಿಡಿ.

ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ವಿದ್ಯಾರ್ಥಿನಿ
ಯರ್ರಮ್ಮ

&nbsp;

ಮೊಳಕಾಲ್ಮೂರು
6 ಏಪ್ರಿಲ್ 2025

ಯರ್ರಮ್ಮ,

ನಿನ್ನ ಕಾಗದ ಓದಿ ನಗಲಿಲ್ಲ. ನಿನ್ನ ಅಕ್ಷರ ಸುಧಾರಿಸಿದೆ, ಅದೊಂದು ಸಂತೋಷ.

ಐವತ್ತೇಳು ಜನರಿಗೆ ಬರೆದಿದ್ದೆ. ನಲವತ್ತೊಂದು ಉತ್ತರ ಬಂದವು. ಓದಿದ್ದಕ್ಕೂ ಕೆಲಸಕ್ಕೂ ತಾಳೆಯಾದವರು ಐದು ಜನ. ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಎಣಿಸಿದೆ, ಐದೇ. ಅದರಲ್ಲಿ ಒಬ್ಬನ ಕೆಲಸ ಬರುವ ತಿಂಗಳು ಮುಗಿಯುತ್ತದಂತೆ.

ಪೆದ್ದಣ್ಣನಿಗೆ ಫಿಟ್ಟರ್ ಬರೆದಿದ್ದೆ. ಅವನು ಕಂಬಳಿ ಹೊತ್ತು ಊರೂರು ಮಾರುತ್ತಾನೆ. ಬಿ.ಎಡ್. ಮಾಡಿದ ತ್ರಿವೇಣಿ ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. "ಸಾರ್, ಇಲ್ಲಿಯೂ ಸುಮ್ಮನೆ ಕೂರಿ ಅಂತ ಹೇಳೋದೇ ಕೆಲಸ" ಎಂದು ಬರೆದಿದ್ದಾಳೆ, ಪೋಕರಿ. ಕೊಂಡ್ಲಹಳ್ಳಿಯ ಅಮರೇಶ್ ಇತಿಹಾಸದಲ್ಲಿ ಎಂ.ಎ., ಎರಡನೆಯ ರ‍್ಯಾಂಕ್. ಈಗ ಗೌರಸಮುದ್ರದ ರಸ್ತೆಯಲ್ಲಿ ಆಟೋ ಓಡಿಸುತ್ತಾನೆ. ಅವನ ಉತ್ತರದಲ್ಲಿ ನನಗೆ ಕ್ಷಮೆ ಕೇಳಿದ್ದಾನೆ! ನನ್ನ ಹೆಸರು ಕೆಡಿಸಿದೆನೆಂದು. ಆ ಕಾಗದವನ್ನು ನಮ್ಮ ಮನೆಯವಳು ದ್ರಾಕ್ಷಾಯಣಮ್ಮನ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿಬಿಟ್ಟೆ.

ಒಂದು ಮಾತು ನಿನಗೆ ಹೇಳುತ್ತೇನೆ, ಪಟ್ಟಿಯಲ್ಲಿ ಹಾಕುವುದಿಲ್ಲ. ನಾನು ಓದಿದ್ದು ಭೂಗರ್ಭಶಾಸ್ತ್ರ. ಕಲ್ಲು ಕಂಡರೆ ಈಗಲೂ ತಿರುಗಿಸಿ ನೋಡುತ್ತೇನೆ. ಮೇಷ್ಟ್ರ ಹುದ್ದೆ ಖಾಲಿ ಇತ್ತು, ಬಂದೆ. ಹೀಗಿದ್ದ ನಾನು ಇಪ್ಪತ್ತು ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ ನೀನು ಇದಾಗು, ನೀನು ಅದಾಗು ಎಂದು ಬರೆದುಕೊಟ್ಟೆ. ಒಂದು ದಿನವೂ ಕೈ ನಡುಗಲಿಲ್ಲವಲ್ಲ!

ನಿನಗೆ ಆಗ ಏನು ಓದಬೇಕೆಂದಿತ್ತು? ನಾನು ಕೇಳಿದ್ದೇ ನೆನಪಿಲ್ಲ. ಎಲೆಕ್ಟ್ರಾನಿಕ್ಸ್ ಬರೆದು ನಿನ್ನ ಬಾಳನ್ನು ಕೆಡಿಸಿದೆನೇ? ಮುಚ್ಚುಮರೆಯಿಲ್ಲದೆ ಬರಿ.

ರಶ್ಮಿತಾಳ ಅರ್ಜಿಯನ್ನು ಕಳಿಸು. ಅವಳದನ್ನು ಮಾತ್ರ ಯೋಚಿಸಿ ಬರೆಯುತ್ತೇನೆ.

ನಿನ್ನ
ಜಯದೇವಪ್ಪ ಮೇಷ್ಟ್ರು

&nbsp;

ಚಳ್ಳಕೆರೆ
8 ಮೇ 2025

ಪೂಜ್ಯ ಗುರುಗಳಿಗೆ ನಮಸ್ಕಾರ.

ರಶ್ಮಿತಾಗೆ 571 ಬಂತು ಸಾರ್! ಅವರಪ್ಪ ಮಿಲ್ಲಿನಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದರು. ಇಷ್ಟಕ್ಕೆ ದುರ್ಗದಲ್ಲಿ ಹಾಸ್ಟೆಲ್ ಇರುವ ಕಾಲೇಜಿನಲ್ಲಿ ಸೈನ್ಸ್ ಸೀಟು ಸಿಕ್ಕೇ ಸಿಗುತ್ತದೆ, ಊಟ ವಸತಿ ಎಲ್ಲ ಅವರದೇ. ಅರ್ಜಿ ಈ ಕಾಗದದ ಜೊತೆಗಿದೆ. ಫೋಟೋ ಅಂಟಿಸಿದ್ದೇನೆ, ಯಜಮಾನರು ಹೆಬ್ಬೆಟ್ಟು ಒತ್ತಿದ್ದಾರೆ. ಮೇ 31 ಕೊನೆಯ ದಿನ, ಶನಿವಾರ. ಒಂದೇ ಒಂದು ಮನೆ ಖಾಲಿ ಬಿಟ್ಟಿದ್ದೇವೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಎಲ್ಲರಿಗೂ ಇದ್ದದ್ದೇ. ನಾಲ್ಕನೆಯ ವಿಷಯ ಜೀವಶಾಸ್ತ್ರವೋ ಕಂಪ್ಯೂಟರೋ ಎಲೆಕ್ಟ್ರಾನಿಕ್ಸೋ ಎಂದು ನೀವು ಬರೆಯಬೇಕು. ಮೊದಲಿನಂತೆ ನೀವೇ ಹೋಗಿ ಕೊಟ್ಟುಬರುತ್ತೀರಿ ಎಂದು ಅಪ್ಪ ಹೇಳಿದರು. ನಿಮಗೆ ತೊಂದರೆ. ಆದರೆ ನೀವು ಕೊಟ್ಟರೆ ನಮಗೆ ಧೈರ್ಯ.

ನಾನು ರಶ್ಮಿತಾಳನ್ನೇ ಕೇಳಿದೆ, ನಿನಗೆ ಏನು ಬೇಕು ಅಂತ. ಅವಳು ಟೀವಿ ನೋಡುತ್ತಾ, "ಏನಾದ್ರೂ ಬರಿಯವ್ವ. ಕೊನೀಗೆ ನಿನ್ ಥರಾನೇ ಲಾರಿ ತೂಗ್ಬೇಕು ತಾನೇ?" ಅಂದಳು. ಕೊಂಕು ಮಾತಲ್ಲ ಸಾರ್ ಅದು, ಸುಮ್ಮನೆ ಅಂದಳು. ಅದಕ್ಕೇ ನನಗೆ ಆ ಮನೆ ತುಂಬಲು ಆಗಲಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ. ನೀವು ನನ್ನ ಬಾಳು ಕೆಡಿಸಲಿಲ್ಲ. ನನಗೆ ಎಲೆಕ್ಟ್ರಾನಿಕ್ಸ್ ಅಂದರೆ ಪ್ರಾಣವಾಗಿತ್ತು. ಹಾಳಾದ ರೇಡಿಯೋ ಬಿಚ್ಚಿ, ಎಲ್ಲಿ ತಪ್ಪಿದೆ ಎಂದು ಹುಡುಕಿ, ಬೆಸುಗೆ ಹಾಕಿ, ಅದು ಮಾತಾಡುವಾಗ ಆಗುವ ಖುಷಿ ನನಗೆ ಇನ್ಯಾವುದರಲ್ಲೂ ಆಗಿಲ್ಲ. ಮದುವೆಯಲ್ಲೂ ಆಗಲಿಲ್ಲ, ಇದನ್ನು ಯಾರಿಗೂ ಹೇಳಬೇಡಿ.

ಹೋದ ವರ್ಷ ಒಂದು ನಡೆಯಿತು. ನಮ್ಮ ತೂಕದ ಅಂಕಿ ಕುಣಿಯತೊಡಗಿತು, ಒಂದೇ ಲಾರಿ ಒಮ್ಮೆ ಹತ್ತು ಟನ್, ಒಮ್ಮೆ ಹದಿನಾಲ್ಕು. ದುರಸ್ತಿಯವನು ಬಳ್ಳಾರಿಯಿಂದ ಬರಬೇಕು, ಎರಡು ದಿನ. ಹೊರಗೆ ಲಾರಿಗಳ ಸಾಲು. ನಾನು ಹಾಸಿನ ಕೆಳಗೆ ಇಳಿದೆ. ವೈರುಗಳು ಕೂಡುವ ಡಬ್ಬಿಯೊಳಗೆ ಇಲಿ ಒಂದು ವೈರು ಕಡಿದಿತ್ತು. ಮನೆಯಿಂದ ನನ್ನ ಹಳೆಯ ಬೆಸುಗೆ ಕಡ್ಡಿ ತಂದು ಹತ್ತು ನಿಮಿಷದಲ್ಲಿ ಕೂಡಿಸಿದೆ. ಅಂಕಿ ನಿಂತಿತು. ಮಾಲೀಕರು ಓಡಿ ಬಂದರು. "ಅಯ್ಯೋ, ಯಾಕಮ್ಮ ಮುಟ್ದೆ? ಇಲಾಖೆಯೋರು ಸೀಲ್ ಹಾಕಿರ್ತಾರೆ, ನಮ್ ಮ್ಯಾಲೆ ಕೇಸ್ ಆಗ್ತೈತೆ. ನಿನ್ ಕೆಲ್ಸ ಚೀಟಿ ಕೊಡೋದು, ಅಷ್ಟ್ ಮಾಡು ಸಾಕು" ಅಂದರು. ಕಾನೂನು ಅವರು ಹೇಳಿದಂತೆಯೇ ಇದೆ, ತಪ್ಪು ನನ್ನದೇ. ಎರಡು ದಿನ ತೂಕ ನಿಲ್ಲಿಸಿದರು. ಬಳ್ಳಾರಿಯವನು ಬಂದು ನನ್ನ ಬೆಸುಗೆ ಬಿಚ್ಚಿದ, ಅದೇ ಜಾಗಕ್ಕೆ ಮತ್ತೆ ಹಾಕಿದ. "ಮೊದ್ಲು ಹಾಕಿದೋರು ಯಾರೋ ಚೆನ್ನಾಗೇ ಹಾಕಿದಾರೆ" ಅಂದ. ಮಾಲೀಕರು ಅವನ ದುಡ್ಡು ಎಣಿಸಿ ಕೊಟ್ಟರು. ನಾನು ಅವನಿಗೆ ಟೀ ಕೊಡುತ್ತಾ ಅಲ್ಲೇ ನಿಂತಿದ್ದೆ.

ನಿಮ್ಮ ವಿದ್ಯಾರ್ಥಿನಿ
ಯರ್ರಮ್ಮ

&nbsp;

ಮೊಳಕಾಲ್ಮೂರು
15 ಮೇ 2025

ಯರ್ರಮ್ಮ,

571! ನಿನಗಿಂತ ಹೆಚ್ಚು. ಮಗುವಿಗೆ ನನ್ನ ಕಡೆಯಿಂದ ಬೆನ್ನು ತಟ್ಟು.

ಅರ್ಜಿ ತಲುಪಿದೆ. ಮೇಜಿನ ಮೇಲೆ ಗಾಜಿನ ಕೆಳಗೆ ಇಟ್ಟಿದ್ದೇನೆ. ಫೋಟೋದಲ್ಲಿ ಹುಡುಗಿ ನನ್ನನ್ನೇ ನೋಡುತ್ತಾಳೆ. ಜೀವಶಾಸ್ತ್ರ ಬರೆಯಲೇ? ನಾನು ಜೀವಶಾಸ್ತ್ರ ಬರೆದ ಹುಡುಗರು ಏಳು ಜನ, ಒಬ್ಬನೂ ಡಾಕ್ಟರಾಗಲಿಲ್ಲ, ಇಬ್ಬರು ಗೊಬ್ಬರದ ಅಂಗಡಿಯಲ್ಲಿದ್ದಾರೆ. ಕಂಪ್ಯೂಟರ್ ಬರೆಯಲೇ? ಅದು ಇನ್ನು ಮೂರು ವರ್ಷಕ್ಕೆ ಏನಾಗುತ್ತದೋ ಅದನ್ನು ಮಾಡಿದವರಿಗೇ ತಿಳಿಯದಂತೆ. ಎಲೆಕ್ಟ್ರಾನಿಕ್ಸ್ ಬರೆಯೋಣವೆಂದರೆ ನಿನ್ನ ಬೆಸುಗೆಯ ಕಥೆ ಅಡ್ಡ ಬರುತ್ತದೆ. ಇರಲಿ, ಇನ್ನೂ ಹದಿನಾರು ದಿನವಿದೆ. ಯೋಚಿಸುತ್ತೇನೆ.

ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಇಷ್ಟು ಪ್ರೀತಿಯಿಂದ ಓದಿದವಳು ನೀನು, ಪಾಸೂ ಆದೆ. ಆಮೇಲೆ ಯಾಕೆ ಕೆಲಸಕ್ಕೆ ಹೋಗಲಿಲ್ಲ? ಎಲ್ಲೋ ಒಂದು ಕಾರ್ಖಾನೆಯಿಂದ ಕರೆ ಬಂದಿತ್ತೆಂದು ನಿಮ್ಮಪ್ಪ ಬಸ್‌ಸ್ಟ್ಯಾಂಡಿನಲ್ಲಿ ಅಂದ. ಬಸ್ಸಿನ ಸದ್ದಿನಲ್ಲಿ ಮಿಕ್ಕದ್ದು ಕೇಳಿಸಲಿಲ್ಲ. ಯಾರು ಬೇಡವೆಂದರು? ಅವನೇನಾ? ಹಾಗಿದ್ದರೆ ಅವನನ್ನು ಕರೆಸಿ ನಾಲ್ಕು ಮಾತು ಆಡುತ್ತೇನೆ, ಈ ವಯಸ್ಸಿನಲ್ಲೂ.

ನಿನ್ನ
ಮೇಷ್ಟ್ರು

&nbsp;

ಚಳ್ಳಕೆರೆ
21 ಮೇ 2025

ಗುರುಗಳಿಗೆ,

ಅಪ್ಪನನ್ನು ಬಯ್ಯಬೇಡಿ. ಅವರು ಬೇಡವೆನ್ನಲಿಲ್ಲ.

ಇದನ್ನು ಬರೆಯಬಾರದೆಂದಿದ್ದೆ. ಮೊದಲ ಎರಡು ಕಾಗದ ಹರಿದದ್ದೂ ಇದಕ್ಕೇ. ನೀವೇ ಕೇಳಿದ್ದರಿಂದ ಬರೆಯುತ್ತಿದ್ದೇನೆ.

2006ರ ಜುಲೈ. ಹೊಸೂರಿನ ಕಾರ್ಖಾನೆಯೊಂದರಿಂದ ಆರ್ಡರ್ ಬಂತು. ಟೀವಿಯ ಒಳಗಿನ ಬೋರ್ಡುಗಳನ್ನು ಪರೀಕ್ಷೆ ಮಾಡುವ ಕೆಲಸ, ಹುಡುಗಿಯರಿಗೆ ಹಾಸ್ಟೆಲ್ಲೂ ಇತ್ತು. ಕಾಗದ ಇಂಗ್ಲಿಷಿನಲ್ಲಿತ್ತು. ಅಪ್ಪ ಅದನ್ನು ಟವಲಿನಲ್ಲಿ ಸುತ್ತಿಕೊಂಡು ನನ್ನನ್ನೂ ಕರೆದುಕೊಂಡು ನಿಮ್ಮ ಮನೆಗೆ ಬಂದರು. ನೀವು ಪೇಪರ್ ಓದುತ್ತಿದ್ದಿರಿ. ಆರ್ಡರ್ ನೋಡಿ ಅಪ್ಪನಿಗೆ ಹೇಳಿದಿರಿ: "ಪಾಲಯ್ಯ, ಹೊಸೂರು ಅಂದ್ರೆ ತಮಿಳುನಾಡು. ಗುರುತಿನೋರಿಲ್ಲ, ಭಾಷೆ ಬರಲ್ಲ, ಹೆಣ್ಣುಮಗು. ಸ್ವಲ್ಪ ತಡಿ, ಇಲ್ಲೇ ಏನಾದ್ರೂ ಸಿಗ್ತದೆ. ಓದಿದ್ದು ಎಲ್ಲಿಗೆ ಹೋಗ್ತದೆ?"

ಎರಡು ನಿಮಿಷವೂ ಆಗಿರಲಿಕ್ಕಿಲ್ಲ ಸಾರ್. ಅಪ್ಪ ಕಾಗದ ಮಡಿಸಿದರು. "ನಡಿಯಮ್ಮಾ, ಬಸ್ ಬರೋ ಹೊತ್ತಾಯ್ತು" ಅಂದರು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಯಾರೂ ನನ್ನನ್ನು ಕೇಳಲಿಲ್ಲ. ನಾನಾದರೂ ಬಾಯಿ ಬಿಡಬಹುದಿತ್ತು, ಬಿಡಲಿಲ್ಲ. ನಿಮ್ಮ ಎದುರು ಮಾತಾಡಿ ಅಭ್ಯಾಸವಿರಲಿಲ್ಲ.

ನಿಮ್ಮ ಮೇಲೆ ಬಹಳ ಸಿಟ್ಟಿತ್ತು. ಎಷ್ಟೋ ವರ್ಷ ಇತ್ತು. ಮೊಳಕಾಲ್ಮೂರಿಗೆ ಬಂದರೆ ನಿಮ್ಮ ಬೀದಿ ಬಿಟ್ಟು ಹಿಂದಿನ ಬೀದಿಯಲ್ಲಿ ಹೋಗುತ್ತಿದ್ದೆ. ಈಗ ಇಲ್ಲ. ನೀವು ಕೆಟ್ಟದ್ದು ಬಯಸಿ ಹೇಳಿದ್ದಲ್ಲವೆಂದು ಗೊತ್ತು. ಈಗ ನನ್ನ ಮಗಳಿಗೆ ಅಂಥ ಕಾಗದ ಬಂದರೆ ನಾನೂ ಅದನ್ನೇ ಹೇಳಿಬಿಡುತ್ತೇನೇನೋ ಎಂದು ನನಗೇ ಹೆದರಿಕೆ.

ನೀವು ತುಂಬಿದ ಅರ್ಜಿ ಸರಿಯಾಗಿಯೇ ಇತ್ತು. ಇಷ್ಟನ್ನು ನೀವು ನಂಬಬೇಕು.

ರಶ್ಮಿತಾಳ ಅರ್ಜಿಗೆ ಇನ್ನು ಹತ್ತು ದಿನ. ಏನು ಬರೆದರೂ ಸರಿ, ಕೊಟ್ಟುಬಿಡಿ ಸಾರ್.

ಯರ್ರಮ್ಮ

&nbsp;

ಮೊಳಕಾಲ್ಮೂರು
9 ಜೂನ್ 2025

ಯರ್ರಮ್ಮ,

ಈ ಕಾಗದವನ್ನು ಕೂತು ಓದು. ಪಕ್ಕದಲ್ಲಿ ರಶ್ಮಿತಾ ಇದ್ದರೆ ಆಮೇಲೆ ಓದು.

ಅರ್ಜಿ ಕೊಡಲಿಲ್ಲ. ನನ್ನ ಹತ್ತಿರವೇ ಇದೆ.

ನೀನು ಬರೆದದ್ದು ನನಗೆ ನೆನಪಿಲ್ಲ. ಎಷ್ಟು ತಿಣುಕಿದರೂ ಬರಲಿಲ್ಲ. ನಿನ್ನ ಜೀವನವನ್ನು ಎರಡು ನಿಮಿಷದಲ್ಲಿ ಮಡಿಸಿ ಕೊಟ್ಟವನು ಪೇಪರಿಗೆ ಮರಳಿದ್ದಾನೆ, ಮರೆತಿದ್ದಾನೆ. ದ್ರಾಕ್ಷಾಯಣಮ್ಮನಿಗೆ ನೆನಪಿದೆ. "ನೀಲಿ ಲಂಗ ಹಾಕಿತ್ತು ಹುಡುಗಿ. ಕಾಫಿ ಕೊಟ್ರೆ ಕುಡೀಲಿಲ್ಲ" ಅಂದಳು. ಇಷ್ಟು ವರ್ಷ ಯಾಕೆ ಹೇಳಲಿಲ್ಲವೆಂದು ಕೇಳಿದೆ. "ನೀವು ಯಾವಾಗ ಕೇಳಿದ್ರಿ?" ಅಂದಳು.

ಮೂರು ದಿನ ಬೆಳಿಗ್ಗೆ ಪೆನ್ನಿನ ಟೋಪಿ ತೆಗೆದು ಕೂತೆ. ಮೂರು ಸಲವೂ ಮುಚ್ಚಿದೆ. ಕೊನೆಯ ದಿನ ಖಾಲಿ ಮನೆಯೊಂದಿಗೇ ಅರ್ಜಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ, ದಾರಿಯಲ್ಲಿ ಹೊಳೆಯುತ್ತದೆ ಎಂದು. ಹೊಳೆಯಲಿಲ್ಲ. ಕಾಲೇಜಿನ ಮೆಟ್ಟಿಲ ಮೇಲೆ ಕೂತೆ. ಸುತ್ತ ಮಕ್ಕಳು ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ತಮ್ಮ ಅರ್ಜಿಯನ್ನು ತಾವೇ ತುಂಬುತ್ತಿದ್ದರು. ಒಬ್ಬಳು ಹುಡುಗಿ ನನ್ನ ಪಾಡು ನೋಡಿ ಹತ್ತಿರ ಬಂದು, "ಮನೀಗೆ ಫೋನ್ ಮಾಡಿ ಕೇಳ್ಲಾ ತಾತಾ?" ಎಂದು ಜೋರಾಗಿ ಕೇಳಿದಳು. ನಿನ್ನ ನಂಬರ್ ಜೇಬಿನಲ್ಲೇ ಇತ್ತು. ಬೇಡಮ್ಮ ಎಂದೆ. ಮೇಷ್ಟ್ರಿಗೆ ಗೊತ್ತಾಗುತ್ತಿಲ್ಲವಂತೆ ಎಂದು ನಿನಗೆ ಹೇಳಿಸಲು ನಾಚಿಕೆಯಾಯಿತು. ಇದೊಂದನ್ನು ನೀನು ಕ್ಷಮಿಸಬೇಡ.

ಐದು ಗಂಟೆಗೆ ಕಿಟಕಿ ಮುಚ್ಚಿದರು. ಎದ್ದು ಬಾಗಿಲಿಗೆ ಹೋದೆ. ಒಳಗಿನವರು ಏನೋ ಅಂದರು, ಕೇಳಿಸಲಿಲ್ಲ. ಕೈ ಆಡಿಸಿದ್ದು ಕಾಣಿಸಿತು. ಮಂಗಳವಾರ ಮತ್ತೆ ಹೋದೆ, ಕೈ ಮುಗಿದೆ. ಪಟ್ಟಿ ಆಗಿಹೋಗಿತ್ತು. ಅವರ ತಪ್ಪೇನೂ ಇಲ್ಲ.

ಒಂಬತ್ತು ದಿನ ನಿನಗೆ ಬರೆಯಲೂ ಆಗಲಿಲ್ಲ. ಶಾಲೆಯ ಪಟ್ಟಿಯನ್ನು ಬೇರೆ ಯಾರಾದರೂ ಮುಗಿಸಲಿ ಎಂದು ವಾಪಸ್ ಕೊಟ್ಟೆ. ಈಗ ನಾನೇನು ಮಾಡಲಿ ಹೇಳು. ಏನು ಹೇಳಿದರೂ ಮಾಡುತ್ತೇನೆ.

ಜಯದೇವಪ್ಪ

&nbsp;

ಚಳ್ಳಕೆರೆ
30 ಜುಲೈ 2025

ಗುರುಗಳಿಗೆ ನಮಸ್ಕಾರ.

ತಡವಾಗಿ ಬರೆಯುತ್ತಿದ್ದೇನೆ. ಮೊದಲು ಬರೆದಿದ್ದರೆ ಬೇರೆ ಥರ ಬರೆಯುತ್ತಿದ್ದೆ.

ನೀವೇನೂ ಮಾಡಬೇಕಾಗಿಲ್ಲ. ರಶ್ಮಿತಾ ಇಲ್ಲೇ ಸೇರಿದಳು. ನಾವು ಹೋಗುವಷ್ಟರಲ್ಲಿ ಸೈನ್ಸ್ ತುಂಬಿತ್ತು, ಕಾಮರ್ಸ್ ಇತ್ತು. ಅರ್ಜಿಯನ್ನು ಅಲ್ಲೇ ಗೋಡೆಗೆ ಒತ್ತಿಕೊಂಡು ಅವಳೇ ತುಂಬಿದಳು. ಅಳಲಿಲ್ಲ, ಜಗಳವಾಡಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಪ್ಪನಿಗೆ ಮಾತ್ರ, ನೀವೇ ಕಾಮರ್ಸ್ ಬರೆದಿರೆಂದು ಹೇಳಿದ್ದೇನೆ. "ಮೇಷ್ಟ್ರು ಬರೆದ ಮ್ಯಾಲೆ ಮುಗೀತು ಬಿಡು, ಒಳ್ಳೇದೇ ಆಗ್ತೈತೆ" ಅಂದರು. ಅವರು ಸಿಕ್ಕರೆ ನೀವೂ ಹಾಗೇ ಹೇಳಿ.

ಆ ಹಳೆಯ ಅರ್ಜಿ ಇನ್ನೂ ಇದ್ದರೆ ಅದರ ಫೋಟೋ ಬಿಡಿಸಿ ಕಳಿಸಿಕೊಡಿ. ಲೈಬ್ರರಿ ಕಾರ್ಡಿಗೆ ಒಂದು ಕಡಿಮೆಯಾಗಿದೆ.

ಕಾಲೇಜು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಮನೆಯಲ್ಲಿ ಒಬ್ಬಳೇ ಯಾಕೆಂದು ನನ್ನ ಹತ್ತಿರ ಬಂದು ಕೂರುತ್ತಾಳೆ. ನಿನ್ನೆ ನಾನು ಊಟದ ಡಬ್ಬಿ ತೊಳೆಯಲು ಹೋಗಿದ್ದಾಗ ಲಾರಿ ಬಂತಂತೆ. ಅವಳೇ ಗುಂಡಿ ಒತ್ತಿ, ಚೀಟಿ ಹರಿದು, ಡ್ರೈವರಿಗೆ ಕೊಟ್ಟಿದ್ದಾಳೆ. ಒಂದು ತಪ್ಪಿಲ್ಲ. ನಾನು ಬರುವಾಗ ಮಾಲೀಕರು ಕಿಟಕಿಯ ಹತ್ತಿರ ನಿಂತು ನೋಡುತ್ತಿದ್ದರು. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು.

"ಹುಡುಗಿ ಚುರುಕೈತೆ ಕಣಮ್ಮ. ಓದು ಮುಗಿದ್ ಮ್ಯಾಲೆ ಎಲ್ಲೂ ಹುಡುಕ್ಬ್ಯಾಡ, ನಿನ್ ಜಾಗ ಇವ್ಳಿಗೇ ಕೊಡ್ತೀನಿ" ಅಂದರು.

ರಶ್ಮಿತಾ ನನ್ನ ಮುಖ ನೋಡಿದಳು. ನಾನು ಏನಾದರೂ ಹೇಳುತ್ತೇನೆಂದು ಕಾದಳು ಸಾರ್. ಡಬ್ಬಿ ಕೈಯಲ್ಲಿ ಹಿಡಿದುಕೊಂಡು ನಾನು ಮಾಲೀಕರಿಗೆ, ಆಗಲಿ ಸಾರ್, ಅಂದೆ.

ಯರ್ರಮ್ಮ